ಹೊಗೆಯಿಲ್ಲದ ಮದ್ದು

ಕಿನ್ನಿ ತೆಂಗಿನ ನಾರು ಹಿಡಿದು ಹೆಣದ ಬಲಗೈಯನ್ನು ಉಜ್ಜುತ್ತಲೇ ಇದ್ದಳು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಅಲ್ಲಲ್ಲಿ ಮಿರುಗುವ ಕಲೆಗಳು. ತಲೆಗೆ ನೀರು ಹೊಯ್ಯುತ್ತಿದ್ದ ಅಮ್ಮಣ್ಣಿ ತಂಬಿಗೆ ಕೆಳಗಿಟ್ಟಳು.

"ಬಿಡು ಕಿನ್ನಿ, ಅದು ಕೊಳೆಯಲ್ಲ. ಕಾದ ಸೀಸ ಸಿಡಿದು ಸುಟ್ಟದ್ದು. ಉಜ್ಜಿದರೆ ಹೋಗುವಂಥದ್ದಲ್ಲ."

"ಎಂಥ ಪಾಪದ ಮನುಷ್ಯ ಮಾರಾಯ್ತಿ ನಿನ್ನ ಗಂಡ," ನೆರೆಮನೆಯ ಕಿನ್ನಿ ಮೂಗು ಒರೆಸಿಕೊಂಡಳು. "ಯಾರಿಗೂ ಒಂದು ಮಾತು ಜೋರಾಗಿ ಆಡಿದವರಲ್ಲ."

ಅಮ್ಮಣ್ಣಿ ಮತ್ತೆ ತಂಬಿಗೆ ಎತ್ತಿಕೊಂಡಳು. ಗಂಡ ದೂಮಪ್ಪನ ಎದುರು ಬೆಂಗ್ರೆ ಊರಿನವರು ಆಡುತ್ತಿದ್ದ ಮಾತು ಅದು. ಬೆನ್ನ ಹಿಂದೆ ಆಡುತ್ತಿದ್ದ ಮಾತು ಬೇರೆ: ಹೆಂಡತಿಯ ತಮ್ಮನನ್ನು ಕೊಂದವನ ಉಪ್ಪು ತಿಂದವ, ಹೆದರುಪುಕ್ಕಲ. ಆ ಎರಡನೆಯ ಮಾತು ಕಿವಿಗೆ ಬಿದ್ದಾಗಲೂ ಅಮ್ಮಣ್ಣಿ ಗಂಡನ ಪರವಾಗಿ ಬಾಯಿ ತೆರೆದವಳಲ್ಲ.

ದೋಣಿ ನಿಲ್ಲುವ ಕಡವಿನ ಕಡೆಯಿಂದ ಅಳಿಯ ಯಾದವ ಮರಳಿನಲ್ಲಿ ಕಾಲು ಹೂತುಕೊಳ್ಳುತ್ತ ಓಡಿ ಬಂದ. "ಮಾಮೀ, ಕದ್ರಿಯ ಧಣಿಗಳು ಬರ್ತಾರಂತೆ. ಅವರು ಬರುವವರೆಗೆ ಎತ್ತಬೇಡಿ ಅಂತ ಹೇಳಿ ಕಳಿಸಿದ್ದಾರೆ."

ಚಟ್ಟ ಕಟ್ಟುತ್ತಿದ್ದ ಗಂಡಸರು ಕೈ ನಿಲ್ಲಿಸಿ ಊರಿನ ಹಿರಿಯರಾದ ಗುರಿಕಾರರ ಮುಖ ನೋಡಿದರು. ಕದ್ರಿಯ ಅಣ್ಣು ಶೆಟ್ಟರಂಥ ಧಣಿಗಳು ಹೊಳೆ ದಾಟಿ ಮೀನು ಹಿಡಿಯುವ ಮೊಗವೀರರ ಮನೆಯ ಸಾವಿಗೆ ಬರುವುದು ಸಣ್ಣ ಸಂಗತಿಯಲ್ಲ. ಗುರಿಕಾರರು, "ಕಾಯುವ," ಎಂದರು.

"ಕಾಯುವುದು ಬೇಡ," ಎಂದಳು ಅಮ್ಮಣ್ಣಿ.

ಮಗಳು ಮೋಹಿನಿ ತಾಯಿಯ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದಳು. ಅತ್ತು ಅವಳ ಮುಖ ಬಾತಿತ್ತು. "ಅಮ್ಮ, ಇವತ್ತೊಂದು ದಿನ ಸುಮ್ಮನಿರು. ಬೂಬ ಮಾವ ಸತ್ತು ಎಷ್ಟು ಕಾಲ ಆಯ್ತು! ಹಂಚಿನ ಕಾರ್ಖಾನೆಗೆ ಮಣ್ಣು ತರುವ ದೋಣಿಗಳನ್ನೆಲ್ಲ ಇವರ ಕೈಗೆ ಒಪ್ಪಿಸ್ತೇನೆ ಅಂದಿದ್ದಾರೆ ಧಣಿಗಳು. ಅಪ್ಪನ ಮುಖ ನೋಡಿ ಕೊಡುವುದು. ನೀನು ಎಂತಾದರೂ ಹೇಳಿ ಕೆಡಿಸಬೇಡ."

"ಅಪ್ಪನ ಮುಖ ನೋಡಿ," ಎಂದು ಅಮ್ಮಣ್ಣಿ ಮೆಲ್ಲನೆ ಮಗಳ ಮಾತನ್ನೇ ಮತ್ತೊಮ್ಮೆ ಆಡಿದಳು.

* * *

ಜರ್ಮನಿಯ ಯುದ್ಧ ಶುರುವಾಗುವ ಹಿಂದಿನ ವರ್ಷ ಅದು. ದೂಮಪ್ಪ ಮತ್ತು ಅಮ್ಮಣ್ಣಿಯ ತಮ್ಮ ಬೂಬ ಹೊಳೆಗೆ ಅಡ್ಡವಾಗಿ ಬಲೆ ಬಿಟ್ಟು ದೋಣಿಯಲ್ಲಿ ಕೂತಿದ್ದರು. ಅಣ್ಣು ಶೆಟ್ಟಿ ಆಗ ಎಳೆ ಪ್ರಾಯದ ಧಣಿ. ಕಡಲಾಚೆಯ ಸೀಮೆಯಿಂದ ತರಿಸಿದ ಹೊಸ ಪಿಸ್ತೂಲು ಹಿಡಿದುಕೊಂಡು ನೀರುಕಾಗೆ ಹೊಡೆಯುವ ಹುಚ್ಚಿನಲ್ಲಿ ಹೊರಟಿದ್ದ. ಅವನ ದೋಣಿ ನೇರ ಬಲೆಯ ಮೇಲೆಯೇ ಬಂತು.

"ಸ್ವಲ್ಪ ಸುತ್ತು ಹಾಕಿ ಹೋಗಿ ಧಣೀ, ಬಲೆ ಹರಿದು ಹೋಗ್ತದೆ," ಎಂದ ಬೂಬ.

ಧಣಿ ಕೇಳಿಸದವನ ಹಾಗೆ ಮುಂದೆ ಬಂದ. ಬೂಬ ಎದ್ದು ನಿಂತು ಹುಟ್ಟಿನಿಂದ ಆ ದೋಣಿಯನ್ನು ಆಚೆ ತಳ್ಳಿದ. ದೋಣಿ ವಾಲಿತು, ಧಣಿ ಅದರ ತಳದಲ್ಲಿ ನಿಂತಿದ್ದ ನೀರಿನಲ್ಲಿ ಕುಕ್ಕರುಬಡಿದ. ಅವನ ಅಂಬಿಗನಿಗೆ ನಗು ತಡೆಯಲಾಗಲಿಲ್ಲ. ಆ ನಗುವೇ ಬೂಬನ ಜೀವ ತೆಗೆಯಿತು. ಧಣಿ ಎದ್ದ, ಕಾಲೂರಿ ನಿಂತ, ಗುರಿ ಹಿಡಿದ. ಗುಂಡು ಬೂಬನ ಕೊರಳಿಗೆ ಬಿತ್ತು.

ಕೈ ಜಾರಿ ಹಾರಿದ್ದು ಎಂದು ಧಣಿ ಕೋರ್ಟು ಕಚೇರಿಯಲ್ಲಿ ಹೇಳಿದ. ಅಂಬಿಗನೂ ಹಾಗೆಯೇ ಹೇಳಿದ. ಕಣ್ಣಾರೆ ಕಂಡವರಲ್ಲಿ ಉಳಿದವನು ದೂಮಪ್ಪ ಒಬ್ಬನೇ. ಕರಿಕೋಟಿನ ವಕೀಲರು ತನ್ನತ್ತ ತಿರುಗಿದಾಗ ಅವನ ಕಣ್ಣು ಧಣಿಯ ಕಡೆಗೆ ಹೋಯಿತು. "ಹೌದು, ಕೈ ಜಾರಿದ್ದು," ಎಂದುಬಿಟ್ಟ. ಸಂಜೆ ಮನೆಗೆ ಬಂದವನು ಅಂಗಳದಲ್ಲೇ ನಿಂತ, ಜಗಲಿ ಹತ್ತಲಿಲ್ಲ.

"ಬೇರೆ ಮಾತು ಬಾಯಿಗೆ ಬರಲೇ ಇಲ್ಲ ಅಮ್ಮಣ್ಣಿ," ಎಂದ.

ಅವಳು ಬಾಗಿಲು ಹಾಕಿಕೊಂಡಳು.

ಕೆಲವು ದಿನ ಕಳೆದು ಧಣಿ ಹೇಳಿ ಕಳಿಸಿದ: ದೂಮಪ್ಪ ಕದ್ರಿಯ ಮನೆಗೆ ಕೆಲಸಕ್ಕೆ ಬರಲಿ. ದೂಮಪ್ಪ ಹೋಗುವುದಿಲ್ಲವೆಂದು ತಲೆ ಅಲ್ಲಾಡಿಸಿದ. ಅಂದು ಅಮ್ಮಣ್ಣಿಯೇ ಅವನ ಮುಂಡು ಒಗೆದು ಒಣಗಿಸಿ ತಂದುಕೊಟ್ಟಳು.

"ಹೋಗಿ. ಅವನ ಹತ್ತಿರಕ್ಕೆ ನಮ್ಮವರಲ್ಲಿ ಬೇರೆ ಯಾರಿಗೂ ಹೋಗಲಿಕ್ಕೆ ಆಗುವುದಿಲ್ಲ."

* * *

ಯುದ್ಧ ಶುರುವಾದ ಮೇಲೆ ಸೀಮೆಯಿಂದ ಪಿಸ್ತೂಲಿನ ತೋಟೆಗಳು ಬರುವುದು ನಿಂತಿತು. ಧಣಿಗೆ ದಿನಕ್ಕೊಮ್ಮೆಯಾದರೂ ಪಿಸ್ತೂಲು ಸಿಡಿಸದಿದ್ದರೆ ಅನ್ನ ಸೇರದು. ಬಲೆಯ ಅಡಿಗೆ ಕಟ್ಟುವ ಸೀಸದ ಮಣಿಗಳನ್ನು ಚಿಕ್ಕಂದಿನಿಂದ ಎರಕ ಹೊಯ್ದ ದೂಮಪ್ಪ ಧಣಿಯ ಮನೆಯಲ್ಲೇ ಕೆಲಸಕ್ಕಿದ್ದ. ಧಣಿ ಗುಂಡಿನ ಅಚ್ಚು ತರಿಸಿ ಅವನ ಮುಂದಿಟ್ಟ. ಸೀಸ ಕರಗಿಸುವುದು, ಗುಂಡು ಹೊಯ್ಯುವುದು, ಖಾಲಿ ತೋಟೆಗೆ ಮದ್ದು ತುಂಬಿ ಗುಂಡು ಕೂರಿಸುವುದು, ಎಲ್ಲ ದೂಮಪ್ಪನ ಪಾಲಿಗೆ ಬಂತು.

ಒಂದು ಸಂಜೆ ಗಂಜಿ ಉಣ್ಣುತ್ತ ಅವನು ತಾನಾಗಿ ಹೇಳಿದ. "ಅಲ್ಲಿ ಎರಡು ಡಬ್ಬಿ ಉಂಟು. ಒಂದು ಕರಿಮದ್ದು, ಪಿಸ್ತೂಲಿಗೆ. ಹೊಡೆದರೆ ಎದುರು ನಿಂತವರ ಮುಖ ಕಾಣದಷ್ಟು ಹೊಗೆ. ಇನ್ನೊಂದು ಹೊಗೆಯಿಲ್ಲದ ಮದ್ದು, ಧಣಿಗಳ ಹೊಸ ಕೋವಿಗೆ ಮಾತ್ರ. ನೋಡಲಿಕ್ಕೆ ಬಿಳಿಚಿಕೊಂಡು ಎಂತದೂ ಅಲ್ಲದ ಹಾಗೆ ಇರ್ತದೆ. ಕರಿಮದ್ದು ತುಂಬಿಸಿದ ಹಾಗೆ ಅದನ್ನು ತುಂಬಿಸಿದರೆ ಪಿಸ್ತೂಲೇ ಒಡೆದು ಹೋಗ್ತದಂತೆ."

ಅಮ್ಮಣ್ಣಿ ಮೀನಿನ ಪೊರೆ ತೆಗೆಯುತ್ತಿದ್ದಳು. ಕತ್ತಿ ನಿಂತಿತು. ತಲೆ ಎತ್ತಿ ಗಂಡನನ್ನು ನೋಡಿದಳು. ದೂಮಪ್ಪ ಗಂಜಿಯ ಬಟ್ಟಲನ್ನು ಆಚೆ ಸರಿಸಿದ.

ಮರುದಿನದಿಂದ ಅವನು ಮನೆಗೆ ಬಂದ ಕೂಡಲೇ ಅವಳದು ಒಂದೇ ಪ್ರಶ್ನೆ.

"ಇವತ್ತು ಯಾವ ಡಬ್ಬಿ?"

"ಕರಿಯದ್ದು."

ಅವಳು ಗಂಜಿ ಬಡಿಸಿ ಗೋಡೆಯ ಕಡೆಗೆ ತಿರುಗಿ ಕೂರುತ್ತಿದ್ದಳು. ಮಳೆಗಾಲ ಬಂತು, ಹೋಯಿತು, ಮತ್ತೆ ಬಂತು. ಮೋಹಿನಿ ಹುಟ್ಟಿದಳು. ಬಾಣಂತಿ ಮಲಗಿದಲ್ಲಿಂದಲೇ ಕೇಳಿದಳು, "ಯಾವ ಡಬ್ಬಿ?" ದೂಮಪ್ಪ ಮಗುವನ್ನು ಎದೆಗೆ ಒತ್ತಿಕೊಂಡು, "ಕರಿಯದ್ದು," ಎಂದ.

ಕೊನೆಗೆ ಒಂದು ದಿನ ಅವನು ಮೈತುಂಬ ರಕ್ತ ಮಾಡಿಕೊಂಡು ಮನೆಗೆ ಬಂದ. ಅಮ್ಮಣ್ಣಿ ಎದ್ದೇ ನಿಂತಳು. ಎಷ್ಟೋ ಕಾಲದ ಮೇಲೆ ಅವಳ ಮುಖದಲ್ಲಿ ಬೆಳಕು.

"ಸತ್ತನಾ?"

"ಇಲ್ಲ. ಬಲಗೈಯ ಮೂರು ಬೆರಳು ಹೋಯ್ತು. ನೆಂಟರ ಮುಂದೆ ಹೊಡೆದು ತೋರಿಸ್ತಿದ್ರು, ಕೈಯಲ್ಲೇ ಒಡೆಯಿತು."

"ಮೂರು ಬೆರಳು ಮಾತ್ರ?"

"ಬಿಳಿಯ ಡಬ್ಬಿಯದ್ದೇ ತುಂಬಿಸಿದ್ದೆ. ಗುಂಡು ಕೂರಿಸುವಾಗ ಮನಸ್ಸು ಒಪ್ಪಲಿಲ್ಲ. ಸ್ವಲ್ಪ ಮದ್ದು ಡಬ್ಬಿಗೇ ಹಿಂದಕ್ಕೆ ತಟ್ಟಿದೆ."

"ಈ ರಕ್ತ?"

"ಮುಂಡಾಸು ಬಿಚ್ಚಿ ಕೈಗೆ ಕಟ್ಟಿದೆ. ಆಸ್ಪತ್ರೆಗೆ ಹೊತ್ತುಕೊಂಡು ಹೋದೆ."

"ಕಟ್ಟಿದ್ದು ಯಾಕೆ?"

ದೂಮಪ್ಪ ಕಕ್ಕಾವಿಕ್ಕಿಯಾಗಿ ನೋಡಿದ. "ರಕ್ತ ಹೋಗ್ತಿತ್ತಲ್ಲ," ಎಂದ.

ಅಮ್ಮಣ್ಣಿ ಅವನ ಸ್ನಾನಕ್ಕೆ ಕಾಯಿಸಿಟ್ಟಿದ್ದ ನೀರನ್ನು ಅಂಗಳಕ್ಕೆ ಚೆಲ್ಲಿದಳು. "ನಾನು ಜೀವ ಕೇಳಿದೆ. ನೀವು ಬೆರಳು ತಂದಿರಿ."

ಪಿಸ್ತೂಲಿನ ಉಕ್ಕು ಕಳಪೆ ಎಂದು ಧಣಿ ಸೀಮೆಯ ಕಂಪೆನಿಯನ್ನು ಬೈದ. ತನ್ನ ಜೀವ ಉಳಿಸಿದವನು ದೂಮಪ್ಪ ಎಂದು ಕಂಡಕಂಡವರಿಗೆ ಹೇಳಿದ. ವರ್ಷ ವರ್ಷ ಹೊಸ ಅಕ್ಕಿ, ಮೊದಲ ಹಲಸು ಬೆಂಗ್ರೆಗೆ ಬಂತು. ಅಮ್ಮಣ್ಣಿ ಅದನ್ನು ಮುಟ್ಟುತ್ತಿರಲಿಲ್ಲ. ದೂಮಪ್ಪ ತಲೆ ತಗ್ಗಿಸಿ ತಿನ್ನುತ್ತಿದ್ದ. ಈ ಸಲ ದೂಮಪ್ಪ ಕೊನೆಯ ಜ್ವರದಲ್ಲಿ ಮಲಗಿದ್ದಾಗಲೂ ಧಣಿಯ ಮನೆಯಿಂದ ಹಣ್ಣು ಬಂತು. ದೂಮಪ್ಪ ಅದನ್ನು ನೋಡಿ ಗೋಡೆಗೆ ಮುಖ ಮಾಡಿದ.

"ಅವನಿಗೆ ಇನ್ನೂ ಗೊತ್ತಿಲ್ಲ ಅಮ್ಮಣ್ಣಿ," ಎಂದ. "ನನ್ನನ್ನು ಒಳ್ಳೆಯವ ಅಂತ ತಿಳಿದಿದ್ದಾನೆ. ಅದನ್ನು ಸಹಿಸಲಿಕ್ಕೆ ಆಗುವುದಿಲ್ಲ."

ಅವನು ಧಣಿಯನ್ನು 'ಅವನು' ಎಂದದ್ದು ಅದೇ ಮೊದಲು. ಅಮ್ಮಣ್ಣಿ ಆ ದಿನ ಗಂಡನ ಹಾಸಿಗೆಯ ಪಕ್ಕದಲ್ಲಿ ಕೂತು, ತಾನೇ ಅವನ ಬಾಯಿಗೆ ಗಂಜಿ ಹಾಕಿದ್ದಳು.

* * *

ಅಣ್ಣು ಶೆಟ್ಟರು ಕೊಡೆ ಹಿಡಿಯುವ ಆಳಿನೊಂದಿಗೆ ಬಂದರು. ತಲೆ ಪೂರ್ತಿ ನರೆತಿತ್ತು. ಬಲಗೈ ಕೋಟಿನ ಜೇಬಿನಲ್ಲಿತ್ತು. ಹೆಣದ ಮುಂದೆ ತುಂಬ ಹೊತ್ತು ನಿಂತರು. ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಬೆಂಗ್ರೆಯ ಜನ ಅದನ್ನು ಕಂಡು ಕರಗಿದರು.

ಆಮೇಲೆ ಶೆಟ್ಟರು ಅಮ್ಮಣ್ಣಿಯನ್ನು ಸನ್ನೆ ಮಾಡಿ ಕರೆದರು. ಕವುಚಿ ಹಾಕಿದ ದೋಣಿಯ ಮರೆಯಲ್ಲಿ ಇಬ್ಬರೇ ನಿಂತರು. ಯಾದವ ದೂರದಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದ.

"ನಿನ್ನ ಅಳಿಯನ ವಿಷಯ ನನ್ನ ನೆನಪಿನಲ್ಲಿ ಉಂಟು," ಎಂದರು ಶೆಟ್ಟರು. "ದೋಣಿಗಳನ್ನು ಅವನಿಗೇ ಕೊಡ್ತೇನೆ. ನಿನ್ನ ತಮ್ಮನದ್ದು ಒಂದು ಆಗಿ ಹೋಯ್ತು, ಕೈ ಜಾರಿದ್ದು. ಆದರೂ ದೂಮಪ್ಪ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಅವನಿಲ್ಲದಿದ್ದರೆ ಅವತ್ತೇ ನಾನು ರಕ್ತ ಹೋಗಿ ಸಾಯ್ತಿದ್ದೆ."

ಅಮ್ಮಣ್ಣಿ ತಿರುಗಿ ಮಗಳನ್ನೊಮ್ಮೆ ನೋಡಿದಳು. ಮೋಹಿನಿ ಕಣ್ಣಿನಲ್ಲೇ ಬೇಡುತ್ತಿದ್ದಳು. ಅಮ್ಮಣ್ಣಿ ಮುಖ ಈಚೆ ಮಾಡಿದಳು.

"ಅವತ್ತು ಹೊಗೆ ಬಂದಿತ್ತಾ ಶೆಟ್ಟರೇ?"

"ಎಂತ ಹೊಗೆ?"

"ಪಿಸ್ತೂಲು ಒಡೆದ ದಿನ. ಕರಿಮದ್ದಾದರೆ ಎದುರಿನವರ ಮುಖ ಕಾಣದಷ್ಟು ಹೊಗೆ ಬರ್ತದಲ್ಲ. ನಿಮ್ಮ ಬೆರಳು ಹೋದದ್ದು ನಿಮಗೆ ಆ ಕ್ಷಣಕ್ಕೇ ಕಾಣಲಿಲ್ವಾ?"

ಶೆಟ್ಟರು ಜೇಬಿನೊಳಗಿದ್ದ ಬಲಗೈಯತ್ತ ನೋಡಿದರು. ಅವರ ಕಣ್ಣು ಎಲ್ಲಿಯೋ ಹಿಂದಕ್ಕೆ ಹೋಯಿತು. ಕದ್ರಿಯ ಗುಡ್ಡ, ನೆಂಟರು, ಶುದ್ಧ ಬಿಸಿಲು, ಆ ಬಿಸಿಲಿನಲ್ಲಿ ನಿಚ್ಚಳವಾಗಿ ಕಂಡ ತನ್ನ ಕೈ.

"ಹೊಗೆಯಿಲ್ಲದ ಮದ್ದಿನ ಡಬ್ಬಿ ಆರಿಸಿದ್ದು ನನ್ನ ಗಂಡ," ಎಂದಳು ಅಮ್ಮಣ್ಣಿ. "ಯಾವ ಡಬ್ಬಿ ಅಂತ ದಿನಾ ಕೇಳಿ ಆರಿಸುವ ಹಾಗೆ ಮಾಡಿದ್ದು ನಾನು. ನಾನು ಕೇಳಿದ್ದು ನಿಮ್ಮ ಜೀವ. ಅವರು ಪಾಪದವರು, ಮದ್ದು ಸ್ವಲ್ಪ ಕಡಿಮೆ ಮಾಡಿದರು. ಹಾಗಾಗಿ ನೀವು ಇವತ್ತು ಹೊಳೆ ದಾಟಿ ಬಂದಿದ್ದೀರಿ."

"ನಿನ್ನನ್ನು..." ಶೆಟ್ಟರ ಧ್ವನಿ ಒಡೆಯಿತು. "ಪೊಲೀಸಿಗೆ ಹೇಳ್ತೇನೆ."

"ಹೇಳಿ. ನಾನೂ ಬರ್ತೇನೆ. ದೂಮಪ್ಪ ಯಾಕೆ ಹಾಗೆ ಮಾಡಿದ ಅಂತ ಕೇಳ್ತಾರಲ್ಲ? ನೀವು ದೋಣಿಯಲ್ಲಿ ಎದ್ದು ನಿಂತು ಗುರಿ ಹಿಡಿದದ್ದನ್ನು ಆಗ ಹೇಳ್ತೇನೆ. ನನ್ನ ಗಂಡನಿಗೆ ಅವತ್ತು ಕಚೇರಿಯಲ್ಲಿ ಹೇಳಲಿಕ್ಕೆ ಆಗದೆ ಹೋದದ್ದು ಅದು."

ಚಟ್ಟದ ಕಡೆಯಿಂದ ಗುರಿಕಾರರು ಕೂಗಿದರು. "ಧಣಿಗಳು ಬರಬೇಕು. ಹೆಣದ ಮೇಲೆ ಗಂಧದ ಚಕ್ಕೆ ಮೊದಲು ಧಣಿಗಳೇ ಇಡಬೇಕು. ದೂಮಪ್ಪನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದು?"

ಇಡೀ ಬೆಂಗ್ರೆ ದಾರಿ ಬಿಟ್ಟು ನಿಂತಿತ್ತು. ಶೆಟ್ಟರು ಕಡವಿನ ಕಡೆ ನೋಡಿದರು, ಜನರನ್ನು ನೋಡಿದರು. ಹೋಗುವ ಹಾಗಿರಲಿಲ್ಲ. ಕಾಲು ಎಳೆದುಕೊಂಡು ಚಟ್ಟದ ಬಳಿಗೆ ಬಂದರು. ಗುರಿಕಾರರು ಗಂಧದ ಚಕ್ಕೆ ನೀಡಿದಾಗ ಎಡಗೈ ಮುಂದೆ ಬಂತು.

"ಸಾವಿನ ಕೆಲಸ, ಬಲಗೈಯಲ್ಲೇ ಆಗಲಿ ಧಣೀ," ಎಂದಳು ಅಮ್ಮಣ್ಣಿ, ಎಲ್ಲರಿಗೂ ಕೇಳುವ ಹಾಗೆ.

ಕೋಟಿನ ಜೇಬಿನಿಂದ ಬಲಗೈ ಹೊರಗೆ ಬಂತು. ಹೆಬ್ಬೆರಳು, ಕಿರುಬೆರಳು, ನಡುವೆ ಬೋಳು. ಎರಡು ಬೆರಳಿನ ಇಕ್ಕಟ್ಟಿನಲ್ಲಿ ಚಕ್ಕೆ ನಿಲ್ಲದೆ ಜಾರಿ, ದೂಮಪ್ಪನ ಕಾಲಿನ ಕೆಳಗಿನ ಮರಳಿಗೆ ಬಿತ್ತು.

ಯಾದವ ಎತ್ತಿಕೊಡಲು ಧಾವಿಸಿದ. ಅಮ್ಮಣ್ಣಿ ಕೈ ಅಡ್ಡ ಹಿಡಿದಳು.

ಕದ್ರಿಯ ಅಣ್ಣು ಶೆಟ್ಟರು ಮೊಣಕಾಲೂರಿ, ಹೆಣದ ಪಾದಗಳ ಬುಡದಲ್ಲಿ ತಲೆ ಬಗ್ಗಿಸಿ, ಬಿಳಿ ಪಂಚೆಯನ್ನು ಮರಳಿನಲ್ಲಿ ಎಳೆದುಕೊಳ್ಳುತ್ತ, ಆ ಚಕ್ಕೆಯನ್ನು ಹುಡುಕತೊಡಗಿದರು.