ಮೊಲದ ಬೆನ್ನಿಗೆ ಬಸಲಿಂಗವ್ವನ ಕಾಲು

ಬೆನ್ನು ಹಿಡಿದುಕೊಂಡರೆ ಮುಂಬಯಿಯ ಸಯನ್‌ನ ಆ ಹಳೆಯ ಬಿಲ್ಡಿಂಗಿನ ಜನ ಮೊದಲು ಡಾಕ್ಟರ ಹತ್ತಿರ ಹೋಗುವುದಿಲ್ಲ. ನೆಲಮಹಡಿಯ ಬಸಲಿಂಗವ್ವನ ಮನೆಗೆ ಹೋಗುತ್ತಾರೆ. ವಿಜಯಪುರದ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದ ಈ ಅಜ್ಜಿ ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂದಿತ್ತಂತೆ. ಹಾಗೆ ಹುಟ್ಟಿದವರಿಗೆ ಪಾಯಾಳು ಎನ್ನುತ್ತಾರೆ. ಪಾಯಾಳು ಎಡಗಾಲಿನಿಂದ ಬೆನ್ನು ಮುಟ್ಟಿದರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ಅವರ ಕಡೆಯೂ ಇದೆ, ಮರಾಠಿ ಮಂದಿಯಲ್ಲೂ ಇದೆ. ಸಣ್ಣ ಉಳುಕು ಒಂದೆರಡು ದಿನ ಸುಮ್ಮನೆ ಮಲಗಿದರೆ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಅಜ್ಜಿಯ ಕಾಲಿಗೆ ಬರುತ್ತದೆ. ಬರಲಿ ಬಿಡಿ. ಮನುಷ್ಯರ ಬೆನ್ನು ಗಟ್ಟಿ, ತಡೆದುಕೊಳ್ಳುತ್ತದೆ. ಈ ಕಥೆ ಮೊಲದ ಬೆನ್ನಿನದು.

ಮೊಲದ ಹೆಸರು ಚುರಮುರಿ. ಮಂಡಕ್ಕಿಯ ಹಾಗೆ ಬೆಳ್ಳಗೆ ಹಗುರಾಗಿತ್ತು, ಅದಕ್ಕೇ ಆ ಹೆಸರು. ಅಜ್ಜಿಯ ಮೊಮ್ಮಗಳು ರಾಧಿಕಾ ತನ್ನ ತಾಯಿ ತೀರಿಕೊಂಡ ವರ್ಷ ಅದನ್ನು ಮನೆಗೆ ತಂದಿದ್ದಳು. ಅಪ್ಪ ಪರಪ್ಪ ಲೋಕಲ್ ರೈಲು ಹಿಡಿದು ದಹಿಸರಿನ ಬಟ್ಟೆ ಅಂಗಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಕಾಲೇಜಿನಿಂದ ಬಂದ ಹುಡುಗಿ ಬ್ಯಾಗು ಕೂಡ ಇಳಿಸದೆ ಮೊದಲು ಮಾತಾಡಿಸುತ್ತಿದ್ದುದು ಚುರಮುರಿಯನ್ನು.

ಒಂದು ಭಾನುವಾರ ಬೆಳಿಗ್ಗೆ ಬಸಲಿಂಗವ್ವ ಮನೆ ಮುಂದಿನ ಗ್ಯಾಲರಿ ಗುಡಿಸುತ್ತಿದ್ದಳು. ಅಡ್ಡ ಕೂತಿದ್ದ ಮೊಲವನ್ನು ಕಿವಿ ಹಿಡಿದು ಒಂದೇ ಕೈಯಲ್ಲಿ ಎತ್ತಿದಳು. ಮೊಲವನ್ನು ಹಾಗೇ ಎತ್ತಬೇಕು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅಷ್ಟರಲ್ಲಿ ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯಿತು. ಹೆದರಿದ ಚುರಮುರಿ ಗಾಳಿಯಲ್ಲೇ ಎರಡೂ ಹಿಂಗಾಲು ಜಾಡಿಸಿ ಒದೆಯಿತು. ಕೆಳಗೆ ಬಿಟ್ಟಾಗ ಮುಂಗಾಲಿನಿಂದ ತೆವಳಿತು. ಹಿಂದಿನ ಕಾಲುಗಳು ಒದ್ದೆ ಬಟ್ಟೆಯ ಹಾಗೆ ಹಿಂದೆ ಎಳೆದುಕೊಂಡು ಬಂದವು.

ರಾಧಿಕಾ ಓಡಿ ಬಂದು ಮೊಲದ ಪಕ್ಕ ಕೂತಳು. ಮುಂಬಯಿಯಲ್ಲೇ ಬೆಳೆದ ಅವಳ ಕನ್ನಡಕ್ಕೆ ಗಾಬರಿಯಾದಾಗ ಹಿಂದಿ ಬೆರೆಯುತ್ತದೆ. "ಅಜ್ಜಿ, ಇದನ್ನ ಡಾಕ್ಟರ್ ಕೋ ದಿಖಾನಾ ಪಡೇಗಾ," ಅಂದಳು.

"ಮೊಲಕ್ಕ ಎಂಥಾ ಡಾಕ್ಟರವಾ? ಉಳುಕೇತಿ ಅದಕ್ಕ. ಬಿಲ್ಡಿಂಗಿನ ಮಂದಿ ಬೆನ್ನೆಲ್ಲಾ ನಾ ನೆಟ್ಟಗ ಮಾಡೇನಿ. ಇದೊಂದು ನನಗ ಭಾರ ಆಕ್ಕೈತೇನು?"

ಅಜ್ಜಿಗೆ ಕೆಟ್ಟ ಮನಸ್ಸಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇವೆ. ಎಣ್ಣೆ ಬೆಚ್ಚಗೆ ಮಾಡಿದಳು. ಮೊಲವನ್ನು ಚಾಪೆಯ ಮೇಲೆ ಮಲಗಿಸಿ ಎಡಗಾಲಿನ ಹೆಬ್ಬೆರಳನ್ನು ಅದರ ಬೆನ್ನಿಗೆ ಮೆತ್ತಗೆ ಸೋಕಿಸಿದಳು. ಆಮೇಲೆ ಕೂಸುಗಳಿಗೆ ಎಣ್ಣೆ ಹಚ್ಚಿ ಕಾಲು ನೀವುವ ಹಾಗೆ ಎರಡೂ ಹಿಂಗಾಲು ಕೂಡಿಸಿ ಹಿಡಿದು ನೆಟ್ಟಗೆ ಎಳೆದಳು. ಚುರಮುರಿ ಕಣ್ಣು ಅಗಲಿಸಿತು, ಸದ್ದು ಮಾಡಲಿಲ್ಲ.

"ನೋಡ, ಪಿಟ್ಟ ಅನ್ನಲಿಲ್ಲ. ನೋವ ಇಲ್ಲ ಅದಕ್ಕ," ಅಂದಳು.

ಇಲ್ಲೇ ನಾವೆಲ್ಲ ಮೋಸ ಹೋಗುವುದು. ನಾಯಿ ಕುಂಯ್ಗುಡುತ್ತದೆ, ಬೆಕ್ಕು ಕೂಗುತ್ತದೆ. ಮೊಲ ಹಾಗಲ್ಲ. ಕಾಡಿನಲ್ಲಿ ನೋವು ತೋರಿಸಿದ ಮೊಲ ಬೇಟೆಗೆ ಮೊದಲು ಸಿಗುತ್ತದೆ, ಹಾಗಾಗಿ ಎಂಥ ನೋವನ್ನೂ ನುಂಗಿಕೊಂಡು ಕೂರುವುದು ಅದರ ಹುಟ್ಟುಗುಣ. ಅದು ಸುಮ್ಮನೆ ಮುದುರಿ ಕೂತಿದೆ, ಹಲ್ಲು ಕಡಿಯುತ್ತಿದೆ, ಮೇವು ಮೂಸುತ್ತಿಲ್ಲ ಎಂದರೆ ಅದು ನಮ್ಮ ಅಳುವಿಗೆ ಸಮ.

ಬಸಲಿಂಗವ್ವ ಇನ್ನೊಂದು ಕೆಲಸ ಮಾಡಿದಳು. ಮೈ ಸರಿ ಇಲ್ಲದಾಗ ಹೊಟ್ಟೆ ಖಾಲಿ ಇರಬೇಕು ಎಂದು ಹುಲ್ಲನ್ನೂ ನೀರನ್ನೂ ತೆಗೆದು ಬದಿಗಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಮೊಲದ ಹೊಟ್ಟೆ ಬಿಗಿದಿತ್ತು. ಒಂದು ಹಿಕ್ಕೆಯೂ ಬಿದ್ದಿರಲಿಲ್ಲ. ಹಿಂಭಾಗ ಉಚ್ಚೆಯಲ್ಲಿ ನೆನೆದು ವಾಸನೆ ಬರುತ್ತಿತ್ತು. ಮನೆಯಲ್ಲೇ ಇದ್ದ ಪರಪ್ಪ ತನ್ನ ಮೈಕೈ ನೋವಿನ ಗುಳಿಗೆಯಲ್ಲಿ ಅರ್ಧ ಮುರಿದು ಚಮಚದಲ್ಲಿ ಕರಗಿಸತೊಡಗಿದ. ಅದನ್ನು ನೋಡಿದ ರಾಧಿಕಾ ಮೆಟ್ಟಿಲು ಹತ್ತಿ ನಮಿತಾಳ ಮನೆಗೆ ಓಡಿದಳು.

ನಮಿತಾ ಉಡುಪಿಯ ಹೆಂಗಸು. ಗಂಡನದು ಹೋಟೆಲು. ಅವಳ ಮನೆಯಲ್ಲಿ ಎರಡು ಮೊಲಗಳಿವೆ, ಒಂದರ ಕಾಲು ಹೀಗೇ ಸೋತು ಔಷಧಿಯಿಂದ ವಾಸಿಯಾಗಿತ್ತು.

"ದೀದಿ, ಚುರಮುರಿ ಚಲ್ತಾನೇ ಇಲ್ಲ. ಪೀಛೇ ಕಾ ಕಾಲು… ಹಿಂದೆ ಹಿಂದೆ ಬರ್ತದೆ. ಪಪ್ಪಾ ಗೋಲಿ ಕೊಡ್ತಾ ಇದ್ದಾರೆ."

ನಮಿತಾ ಗ್ಯಾಸ್ ಆರಿಸಿ, ಒಂದು ದಪ್ಪ ಟವೆಲ್ಲನ್ನೂ ರಟ್ಟಿನ ಪೆಟ್ಟಿಗೆಯನ್ನೂ ಹಿಡಿದು ಕೆಳಗಿಳಿದಳು. ಮೊದಲು ಪರಪ್ಪನ ಕೈಯಿಂದ ಚಮಚ ತೆಗೆದುಕೊಂಡಳು.

"ನಮ್ಮ ಗುಳಿಗೆ ಇದಕ್ಕೆ ಕೊಡ್ಬಾರ್ದು ಅಣ್ಣ. ಇಷ್ಟು ಸಣ್ಣ ಜೀವ, ಲಿವರ್ ಕಿಡ್ನಿ ಹಾಳಾಗಿ ಹೋಗ್ತದೆ. ಅಜ್ಜಿ, ಎಂತ ಮಾಡಿದ್ದೀರಿ ಇದಕ್ಕೆ?"

"ಎಣ್ಣಿ ಹಚ್ಚಿ ಕಾಲ ಜಗ್ಗೇನಿ. ನಾಳಿಗೆ ಎದ್ದು ಓಡ್ತೈತಿ ತಗೋ."

"ಓಡುದಿಲ್ಲ ಅಜ್ಜಿ. ಮೊಲದ ಎಲುಬು ತುಂಬ ಹಗುರ, ಹಿಂಗಾಲಿನ ಮಾಂಸಕ್ಕೆ ಮಾತ್ರ ಭಾರಿ ಶಕ್ತಿ. ಹೆದರಿ ಒದ್ದರೆ ಅದರ ಬೆನ್ನೆಲುಬು ಅದರ ಒದೆತಕ್ಕೇ ಮುರಿತದೆ. ಮುರಿದದ್ದನ್ನು ಎಳೆದರೆ ಒಳಗಿನ ನರ ಉಳಿಯುದುಂಟಾ?"

"ನಮ್ಮ ಮಂದಿ ನನ್ನ ಕಾಲ ಮುಟ್ಟಿಸ್ಕೊಂಡು ಅರಾಮ ಆಗ್ಯಾರ. ಅವರೇನ ಸುಳ್ಳ ಹೇಳ್ತಾರೇನ?"

"ಅವರು ನೋವಾದರೆ ಸಾಕು ಬಿಡಿ ಅಂತಾರೆ. ಇದು ಹೇಳ್ತದಾ?"

ಅಜ್ಜಿ ಚಾಪೆ ಬಿಟ್ಟು ಪಕ್ಕಕ್ಕೆ ಸರಿದಳು. ನಮಿತಾ ಮೊಲದ ಕಂಕುಳಿಗೆ ಕೈ ಹಾಕಿ ಎತ್ತಲಿಲ್ಲ. ಟವೆಲ್ಲನ್ನು ಅದರ ಹೊಟ್ಟೆಯ ಕೆಳಗೆ ನಿಧಾನವಾಗಿ ಸರಿಸಿ, ಜೋಲಿಯಂತೆ ಇಡೀ ಮೈಯನ್ನು ಒಟ್ಟಿಗೆ ಎತ್ತಿ ಪೆಟ್ಟಿಗೆಯಲ್ಲಿಟ್ಟಳು. ಎರಡೂ ಬದಿಗೆ ಬಟ್ಟೆ ತುರುಕಿ ಅಲುಗದಂತೆ ಮಾಡಿದಳು. ಬಾಯಿಗೆ ಎಟಕುವ ಹಾಗೆ ಒಣಹುಲ್ಲು ಇಟ್ಟಳು.

"ಉಪವಾಸ ಹಾಕ್ಬೇಡಿ. ಮೊಲದ ಕರುಳು ನಿಂತಿತು ಅಂದ್ರೆ ಅದೇ ಇನ್ನೊಂದು ಸಾವು. ಆಟೋ ಹಿಡಿ ರಾಧಿಕಾ, ವಿಕ್ರೋಳಿಗೆ ಹೋಗುವ. ಇಲ್ಲಿ ಹತ್ತಿರದವರು ನಾಯಿ ಬೆಕ್ಕು ಮಾತ್ರ ನೋಡುದು. ಮೊಲ ಗೊತ್ತಿದ್ದ ಡಾಕ್ಟರ್ ಅಲ್ಲಿದ್ದಾರೆ, ನಾನು ಫೋನ್ ಮಾಡ್ತೇನೆ."

ಬಸಲಿಂಗವ್ವನೂ ಹೊರಟಳು. ಯಾರೂ ಕರೆದಿರಲಿಲ್ಲ. ದಾರಿಯುದ್ದಕ್ಕೂ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ರಸ್ತೆಯ ಗುಂಡಿ ಬಂದಾಗಲೆಲ್ಲ ಅದನ್ನು ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದಳು.

ವಿಕ್ರೋಳಿಯ ಡಾಕ್ಟರ್ ಮರಾಠಿಯವರು. ಮೊಲಕ್ಕೆ ನೋವಿನ ಇಂಜೆಕ್ಷನ್ ಕೊಟ್ಟು, ಹಿಂಗಾಲಿನ ಬೆರಳು ಚಿವುಟಿ ನೋಡಿದರು. ಇನ್ನೂ ಗಟ್ಟಿಯಾಗಿ ಚಿವುಟಿದರು. ಚುರಮುರಿಗೆ ತಿಳಿಯಲೇ ಇಲ್ಲ. ಎಕ್ಸ್‌ರೇ ತೆಗೆಸಿ ದೀಪಕ್ಕೆ ಹಿಡಿದು ತೋರಿಸಿದರು. ಸೊಂಟದ ಮೇಲೆ ಬೆನ್ನೆಲುಬು ಮುರಿದು ಒಂದು ತುಂಡು ಪಕ್ಕಕ್ಕೆ ಸರಿದಿತ್ತು. ಅವರು ಹೇಳಿದ್ದು ಇಷ್ಟು. ಕಾಲು ಸೋತ ಮೊಲಗಳೆಲ್ಲದರ ಬೆನ್ನೂ ಹೀಗೆ ಮುರಿದಿರುವುದಿಲ್ಲ. ಕೆಲವಕ್ಕೆ ಮಿದುಳಿಗೆ, ನರಕ್ಕೆ ಸೋಂಕು ಆಗಿರುತ್ತದೆ, ಕೆಲವಕ್ಕೆ ವಯಸ್ಸಿನ ಕೀಲುನೋವು. ಬೇಗ ಬಂದರೆ ಅವುಗಳಲ್ಲಿ ಬಹಳಷ್ಟಕ್ಕೆ ಚಿಕಿತ್ಸೆ ಇದೆ. ಇದರ ನರ ಮಾತ್ರ ಕತ್ತರಿಸಿಹೋಗಿದೆ. ಉಚ್ಚೆಯ ಹಿಡಿತ ತಪ್ಪಿದೆ, ಕರುಳು ನಿಂತಿದೆ. ಇನ್ನು ಬದುಕಿಸುವುದೆಂದರೆ ನೋವಿನಲ್ಲಿ ಇಡುವುದು. ನಿದ್ದೆಯಲ್ಲಿ ಕಳಿಸಿಕೊಡುವುದೇ ದಯೆ.

ರಾಧಿಕಾ ಒಪ್ಪಿದಳು. ಒಪ್ಪದೆ ಬೇರೆ ದಾರಿ ಇರಲಿಲ್ಲ. ಅದರ ತಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಇಂಜೆಕ್ಷನ್ ಮುಗಿಯುವ ತನಕ ಕಿವಿಯ ಬುಡ ಸವರುತ್ತಲೇ ಇದ್ದಳು. ಮುಗಿದ ಮೇಲೂ ಸವರುತ್ತಿದ್ದಳು. ನಮಿತಾ ಹೆಗಲು ಮುಟ್ಟಿದಾಗ ನಿಲ್ಲಿಸಿದಳು.

ಬಸಲಿಂಗವ್ವ ಡಾಕ್ಟರ ಮೇಜಿನ ಹತ್ತಿರ ಹೋಗಿ ತನಗೆ ಬರುವ ಮರಾಠಿಯಲ್ಲಿ ಒಂದೇ ಮಾತು ಕೇಳಿದಳು. ಅದು ಒದ್ದಾಗ ಮುರಿಯಿತೋ, ನಾನು ಎಳೆದಾಗ ಮುರಿಯಿತೋ?

ಡಾಕ್ಟರ್ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಆಜೀ. ಒದ್ದಾಗ ಬಿರುಕು ಬಿಟ್ಟಿರಬಹುದು, ಎಳೆದಾಗ ಸರಿದಿರಬಹುದು. ಒದ್ದಾಗಲೇ ಪೂರ್ತಿ ಮುರಿದಿರಲೂಬಹುದು. ಈಗ ಯಾರೂ ಹೇಳಲಾರರು."

ಮರುವಾರ ಒಬ್ಬರು ಬೆನ್ನು ಹಿಡಿದುಕೊಂಡು ಬಂದಾಗ ಬಸಲಿಂಗವ್ವ ಬಾಗಿಲಲ್ಲೇ, "ದವಾಖಾನಿಗೆ ಹೋಗ್ರಿ," ಅಂದು ಕಳಿಸಿದಳು. ಈ ಕಥೆ ಬರೆಯುತ್ತಿರುವ ನಮ್ಮ ಮಹಿಳಾ ಸಂಘಕ್ಕೂ ಅವಳೇ ಬಂದಳು. "ನನ್ನ ಕಥಿ ಎಲ್ಲಾರಿಗೂ ಹೇಳ್ರಿ. ಹೆಸರ ಮುಚ್ಚಬ್ಯಾಡ್ರಿ," ಅಂದಳು. ಅದಕ್ಕೇ ಹೆಸರು ಹಾಕಿ ಬರೆದಿದ್ದೇವೆ.

ಮನೆಯಲ್ಲಿ ಮೊಲ ಇರುವ ಅಕ್ಕಂದಿರೇ, ಅಣ್ಣಂದಿರೇ, ಅದನ್ನು ಕಿವಿ ಹಿಡಿದು ಎತ್ತಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇರಲಿ, ಕಾಲು ಜೋತಾಡದಿರಲಿ. ಜಾರುವ ಟೈಲ್ಸ್ ಮೇಲೆ ಒಂದು ಚಾಪೆ ಹಾಸಿ. ಮೊಲ ನೋಡುವ ಡಾಕ್ಟರ್ ಎಲ್ಲಿದ್ದಾರೆ ಎಂದು ಇವತ್ತೇ, ಅದು ಚೆನ್ನಾಗಿರುವಾಗಲೇ ಕೇಳಿ ನಂಬರು ಇಟ್ಟುಕೊಳ್ಳಿ. ಕಾಲು ಎಳೆಯತೊಡಗಿದರೆ ಎಣ್ಣೆ ಬೇಡ, ನೀವುವುದು ಬೇಡ, ನಿಮ್ಮ ಗುಳಿಗೆ ಬೇಡ, ಉಪವಾಸವಂತೂ ಬೇಡವೇ ಬೇಡ. ಟವೆಲ್ಲಿನಲ್ಲಿ ಮಲಗಿಸಿ, ಒದ್ದೆಯಾದರೆ ಬಟ್ಟೆ ಬದಲಿಸಿ, ಬಾಯಿಯ ಹತ್ತಿರ ಹುಲ್ಲು ನೀರು ಇಟ್ಟು, ನಾಳೆ ನೋಡೋಣ ಎನ್ನದೆ ಅದೇ ದಿನ ಹೊರಡಿ.

ಯಾಕೆ ಎಳೆದೆ ಎಂದು ರಾಧಿಕಾ ಅಜ್ಜಿಯನ್ನು ಈವರೆಗೆ ಕೇಳಿಲ್ಲ. ಅಜ್ಜಿ ಮಾತ್ರ ಅಡುಗೆ ಮಾಡುತ್ತ, ಬಟ್ಟೆ ಮಡಚುತ್ತ ತನ್ನನ್ನು ತಾನೇ ಕೇಳಿಕೊಳ್ಳುತ್ತಾಳೆ, ಅದು ಒದ್ದಾಗಲೋ, ನಾನು ಎಳೆದಾಗಲೋ ಎಂದು. ನೀವು ಎಳೆಯದೆ ಒಯ್ದರೆ ನಿಮ್ಮ ಮೊಲ ಬದುಕೀತು. ಬದುಕದೆ ಹೋದರೂ, ಆ ಪ್ರಶ್ನೆಯನ್ನು ನೀವು ಕೇಳಿಕೊಳ್ಳಬೇಕಾಗಿ ಬರುವುದಿಲ್ಲ.