ಅಪ್ಪನ ಹತಾರದ ಪೆಟ್ಟಿಗೆ

ನಮ್ಮಪ್ಪನ ಲೆಕ್ಕದಲ್ಲಿ ದೇಶದ ತುಂಬ ಇರುವವರು ಎರಡೇ ಬಗೆಯ ಜನ. ಚಳಿ ಸೀಮೆಯವರು, ಅಂದರೆ ದುಡಿಯುವವರು. ಬಿಸಿಲು ಸೀಮೆಯವರು, ಅಂದರೆ ಮಲಗುವವರು. ಅಪ್ಪ ಬಡಗಿ, ಚಳಿ ಸೀಮೆಯವನು. ನನ್ನ ಗಂಡನೂ ಬಡಗಿಯೇ, ಆದರೆ ಬಿಸಿಲು ಸೀಮೆಯವರು. ಎತ್ತು ಏರಿಗೆ, ಕೋಣ ನೀರಿಗೆ ಅನ್ನುತ್ತಾರಲ್ಲ, ಅಂಥ ಕಡೆ ನೊಗದ ಪಾಡೇನು ಅಂತ ಯಾರೂ ಕೇಳುವುದಿಲ್ಲ. ಆ ನೊಗ ನಾನು.

ಅಪ್ಪನ ಹತಾರದ ಪೆಟ್ಟಿಗೆ ಅಜ್ಜನ ಕಾಲದ್ದು. ಅದರಲ್ಲಿ ಉಳಿಗಳು, ಗರಗಸ, ಮೂರು ತಲೆಮಾರಿನ ಕೈ ಹಿಡಿದು ಹಿಡಿದು ಬೆರಳಿನ ತಗ್ಗು ಬಿದ್ದ, ಮರ ನುಣುಪು ಮಾಡುವ ಒಂದು ಉಜ್ಜುಗೊರಡು. ಅಪ್ಪನಿಗೆ ಗಂಡುಮಕ್ಕಳಿಲ್ಲ. ಕೈ ನಡುಗಲು ಶುರುವಾದ ಮೇಲೆ ಪೆಟ್ಟಿಗೆಯನ್ನು ಅಳಿಯನಿಗಾಗಲಿ ನನ್ನ ದೊಡ್ಡಪ್ಪನ ಮಗ ಅಣ್ಣನಿಗಾಗಲಿ ಕೊಡುವುದೆಂದು ತೀರ್ಮಾನಿಸಿದ. "ಮೈ ಬಗ್ಗಿಸಿ ದುಡಿಯೋನ ಕೈಗೆ ಹೋಗ್ಬೇಕು, ಅಷ್ಟೇ" ಎಂದ. ಮದುವೆಯಾದ ಹೊಸದರಲ್ಲಿ ಇವರು ಆ ಗೊರಡನ್ನು ಒಮ್ಮೆ ಹಿಡಿದು ನೋಡಿದ್ದರು. ಬಾಯಿಬಿಟ್ಟು ಎಂದೂ ಕೇಳಲಿಲ್ಲ. ಆದರೆ ತಮ್ಮ ಗೊರಡು ಕೈಕೊಟ್ಟಾಗಲೆಲ್ಲ ಮಾವನದರ ಮಾತು ಬರುತ್ತಿತ್ತು.

ಅಳಿಯನನ್ನು ನೋಡಿ ಹೋಗಲು ಅಪ್ಪ ಬಂದ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದನಂತೆ.

ನಮ್ಮದು ಎರಡೇ ಕೋಣೆ. ಮುಂದಿನದರಲ್ಲಿ ಮರದ ಕೆಲಸ, ಹಿಂದಿನದರಲ್ಲಿ ಸಂಸಾರ. ಅಪ್ಪನ ಹಾಸಿಗೆಯನ್ನು ಮುಂದಿನ ಕೋಣೆಯಲ್ಲೇ ಹಾಕಬೇಕಾಯಿತು. ಇಲ್ಲಿ ಬಡಗಿಗಳು ನಸುಕಿಗೆ ಮೊದಲೇ ಏಳುತ್ತಾರೆ. ಬಿಸಿಲೇರಿದರೆ ತಗಡಿನ ಕೆಳಗೆ ನಿಲ್ಲಲಾಗುವುದಿಲ್ಲ; ಹಣೆಯ ಬೆವರು ಪಾಲಿಶ್ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಅಪ್ಪನ ಊರಲ್ಲಿ ಇದರ ತದ್ವಿರುದ್ಧ. ಬಿಸಿಲು ಬರುವವರೆಗೆ ಅಂಟು ಹಿಡಿಯುವುದಿಲ್ಲ, ಹಾಗಾಗಿ ತಡವಾಗಿ ಎದ್ದು ದೀಪ ಹಚ್ಚಿದ ಮೇಲೂ ದುಡಿಯುತ್ತಾರೆ.

"ಮಾವ ಪ್ರಯಾಣ ಮಾಡಿ ಬಂದಿದ್ದಾರೆ, ನಿದ್ದೆ ಕೆಡೋದು ಬೇಡ" ಎಂದು ಇವರು ಮರವನ್ನೆಲ್ಲ ಹೆಗಲ ಮೇಲೆ ಹೊತ್ತು ಬೀದಿಯ ಕೊನೆಯ ಖಾಲಿ ಗೋದಾಮಿಗೆ ಸಾಗಿಸಿದರು. ನಸುಕಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಅಪ್ಪನ ಹಾಸಿಗೆ ದಾಟಿ ಹೋಗುತ್ತಿದ್ದರು. ಅಪ್ಪ ಏಳುವ ಹೊತ್ತಿಗೆ ಸ್ನಾನ ಮುಗಿಸಿ ಪತ್ರಿಕೆ ಹಿಡಿದು ಕೂತಿರುತ್ತಿದ್ದರು. ಮಧ್ಯಾಹ್ನ ಇಡೀ ಬೀದಿಯೇ ಬಾಗಿಲು ಹಾಕಿ ಮಲಗುತ್ತಿತ್ತು, ಇವರೂ ಮಲಗುತ್ತಿದ್ದರು. ಸಂಜೆ ಅಳತೆ ತರಲು ಗಿರಾಕಿಗಳ ಮನೆಗೆ ಹೋದರೆ ಅಪ್ಪನ ಕಣ್ಣಿಗೆ ಅದು ತಿರುಗಾಟ.

"ಇಡೀ ಬೀದಿಗೆ ಕುಂಭಕರ್ಣನ ವರ ಸಿಕ್ಕಿದೆ" ಎಂದ ಅಪ್ಪ.

"ಅವರು ನಸುಕಲ್ಲೇ ಎದ್ದು ಕೆಲಸ ಮುಗಿಸ್ತಾರಪ್ಪ, ಗೋದಾಮಲ್ಲಿ" ಎಂದೆ.

"ಸದ್ದಿಲ್ಲದ ಬಡಗಿ ಕೆಲಸ ಎಲ್ಲಾದ್ರೂ ಇದೆಯೇನೇ? ನಾನು ಮಲಗಿರೋದು ಬಾಗಿಲ ಹತ್ರಾನೇ. ಗಂಡನ ಪರ ಮಾತಾಡೋದು ತಪ್ಪಲ್ಲ ಬಿಡು" ಎಂದು ನಕ್ಕ.

ನನಗೆ ರೇಗಿತು. ಮರುದಿನ ನಸುಕಿನಲ್ಲೇ ಎಬ್ಬಿಸಿ ಕರೆದುಕೊಂಡು ಹೋಗುತ್ತೇನೆ ಅಂದರೆ ಇವರು ನನಗೇ ಗದರಿದರು. "ವಯಸ್ಸಾದವರ ನಿದ್ದೆ ಕೆಡಿಸಿ ನಾನು ಸರ್ಟಿಫಿಕೇಟ್ ತಗೋಬೇಕಾ? ಗೊತ್ತಾದಾಗ ಗೊತ್ತಾಗತ್ತೆ." ಈ ಮರ್ಯಾದಸ್ಥರ ಜೊತೆ ಬಾಳುವುದು ಸುಲಭವಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟವನೇ ಅಪ್ಪ. ಅವನು ಮಾತ್ರ ಕಂಡಷ್ಟನ್ನೇ ನಂಬಿದ. ಹೊರಡುವ ದಿನ ಪೆಟ್ಟಿಗೆ ಬಂದ ಹಾಗೆಯೇ ಬಸ್ಸು ಹತ್ತಿತು. ಅದನ್ನು ಬಸ್ ನಿಲ್ದಾಣದವರೆಗೆ ಹೊತ್ತು ತಂದವರು ಇವರೇ. ಊರು ಮುಟ್ಟಿ ಅಪ್ಪ ಫೋನ್ ಮಾಡಿದ. "ನಿನ್ನ ಗಂಡ ಚಿನ್ನದಂಥ ಮನುಷ್ಯ. ಆದ್ರೆ ಮೈ ಬಗ್ಗಲ್ಲ. ನಿಮ್ಮಣ್ಣನಿಗೆ ಕೊಟ್ಬಿಟ್ಟೆ." ನಾನು ಜಗಳವಾಡಿದೆ. ಇವರು ಆ ದಿನ ಪೂರ್ತಿ ಒಂದೇ ಕುರ್ಚಿಯ ಕಾಲನ್ನು ಉಜ್ಜುತ್ತ ಕೂತಿದ್ದರು. ಅವರ ಮುಖ ನೋಡಲಾಗಲಿಲ್ಲ.

ಅಣ್ಣ ನಿಜವಾಗಿಯೂ ದುಡಿಯುವವನೇ. ಎಷ್ಟು ದುಡಿದನೆಂದರೆ ಯಂತ್ರಗಳನ್ನೇ ಕೊಂಡ. ಅಜ್ಜನ ಗೊರಡಿಗೆ ವಾರ್ನಿಷ್ ಹೊಡೆದು, ಮೊಳೆ ಹಾಕಿ, ಅಂಗಡಿಯ ಗೋಡೆಗೆ ಚಂದಕ್ಕೆ ಬಡಿದ. ಅಪ್ಪ ಇದನ್ನು ನನಗೆ ಹೇಳಿದ್ದು ಎಷ್ಟೋ ಕಾಲದ ಮೇಲೆ, ಅದೂ ಬೇರೇನೋ ಮಾತಿನ ನಡುವೆ.

ಕಣ್ಣಿನ ಆಪರೇಷನ್ ಆದ ಮೇಲೆ ಅಪ್ಪ ಮತ್ತೆ ನಮ್ಮಲ್ಲಿಗೆ ಬಂದ. ಅದೇ ಕೋಣೆ, ಅದೇ ಹಾಸಿಗೆ. ಇವರು ಮತ್ತೆ ಮರ ಹೊತ್ತುಕೊಂಡು ಗೋದಾಮಿಗೆ ಹೋದರು. ಆದರೆ ಈಗ ಅಪ್ಪನಿಗೆ ನಿದ್ದೆ ಕಡಿಮೆ. ಒಂದು ದಿನ ಇನ್ನೂ ಕತ್ತಲಿರುವಾಗಲೇ ಎದ್ದು ಕೂತ. ಹಿಂದಿನ ಕೋಣೆಯಲ್ಲಿ ಅಳಿಯನ ಹಾಸಿಗೆ ಖಾಲಿ ಇರುವುದನ್ನು ಕಂಡು ನನ್ನ ಕಡೆ ನೋಡಿದ. ನಾನು ಕೈ ಹಿಡಿದು ಬೀದಿಯ ಕೊನೆಗೆ ನಡೆಸಿಕೊಂಡು ಹೋದೆ.

ಗೋದಾಮಿನ ಬಾಗಿಲು ಮುಚ್ಚಿತ್ತು, ಸಂದಿಗೆ ಗೋಣಿ ತುರುಕಿತ್ತು. ತಳ್ಳಿದೆವು. ಒಳಗೆ ಬಲ್ಬಿನ ಕೆಳಗೆ ಇವರು ತೊಯ್ದು ಮೈಗಂಟಿದ ಬನಿಯನ್ನಿನಲ್ಲಿ ನಿಂತು ಉಜ್ಜುತ್ತಿದ್ದರು. ಮೊಣಕಾಲವರೆಗೆ ಮರದ ಸಿಪ್ಪೆ. ಗೋಡೆಗೊರಗಿಸಿದ್ದ ಮುಗಿದ ಕುರ್ಚಿಗಳು. ಕೈಯಲ್ಲಿದ್ದ ಗೊರಡಿನ ಹಿಡಿ ಮುರಿದು, ಹಗ್ಗ ಸುತ್ತಿತ್ತು.

ನಮ್ಮನ್ನು ಕಂಡು ಗಾಬರಿಯಾದರು. "ಅಲ್ಲೀವರೆಗೂ ಸದ್ದು ಬಂತಾ ಮಾವ? ಎಚ್ಚರ ಆಗೋಯ್ತಾ?"

ಅಪ್ಪ ಹತ್ತಿರ ಹೋಗಿ, ಆ ಹಗ್ಗ ಸುತ್ತಿದ ಹಿಡಿಯನ್ನು ಮುಟ್ಟಿ ನೋಡಿದ.

"ಇಲ್ಲಪ್ಪ" ಎಂದ. "ಬರ್ಲಿಲ್ಲ. ಒಂದು ದಿನನಾದ್ರೂ ಸ್ವಲ್ಪ ಸದ್ದು ಮಾಡ್ಬೇಕಿತ್ತು ನೀನು."

ಇವರು ಆಗಷ್ಟೇ ಮುಗಿಸಿದ ಕುರ್ಚಿಯೊಂದನ್ನು ಒರೆಸಿ ಅಪ್ಪನಿಗೆ ಕೂರಲು ಹಾಕಿದರು. ಅಪ್ಪ ಕೂರಲಿಲ್ಲ.