ಬಿಟ್ಟದ್ದೋ ತಪ್ಪಿದ್ದೋ

ಮುಂದಿನವನ ಜೆರ್ಸಿಯ ಬೆನ್ನಿನ ಮೇಲಿನ ನಂಬರು ಏಳು ಬೆವರಿಗೆ ಮುದುಡಿ ಒಂದರ ಹಾಗೆ ಕಾಣುತ್ತಿದೆ, ಒಂದು, ಒಂದು ಸೊನ್ನೆ, ಗೆದ್ದೆವು, ಗೆದ್ದೇಬಿಟ್ಟೆವು, ಅದೂ ಎಂಬತ್ತೇಳನೇ ನಿಮಿಷದಲ್ಲಿ, ಇನ್ನೇನು ಡ್ರಾ ಅಂತ ಜನ ಎದ್ದು ಪ್ಯಾಂಟಿನ ಧೂಳು ಕೊಡವಿಕೊಳ್ಳುವ ಹೊತ್ತಿಗೆ — ಈ ಇಳಿಜಾರಿನಲ್ಲಿ ಯಾರೂ ನಡೆಯುತ್ತಿಲ್ಲ, ಜನವೇ ಜನವನ್ನು ಹೊತ್ತುಕೊಂಡು ಗೇಟಿನ ಕಡೆ ಇಳಿಯುತ್ತಿದೆ, ಯಾರದೋ ಮೊಣಕೈ ನನ್ನ ಪಕ್ಕೆಗೆ, ಯಾರದೋ ಪೀಪಿ ನನ್ನ ಕಿವಿಗೆ, ಹೆಗಲ ಮೇಲೆ ಮಾತ್ರ ಗೊತ್ತಿರುವ ಕೈ, ಕಂಡಕ್ಟರನದು, ಇಪ್ಪತ್ತು ವರ್ಷ ಬಸ್ಸಿನ ಕಂಬಿ ಹಿಡಿದ ಆ ಕೈಗೆ ಎಲ್ಲರ ಹೆಗಲೂ ಕಂಬಿಯೇ, ಮೇಷ್ಟ್ರೇ ಹೇಳಿ ಮೇಷ್ಟ್ರೇ, ಹೇಗೆ ಗೆದ್ವಿ ಅಂತ ನೀವು ಹೇಳೋವರೆಗೂ ನಂಗೆ ಗೆದ್ದ ಹಾಗೇ ಅನ್ಸಲ್ಲ. ನಾನೆಲ್ಲಿಯ ಮೇಷ್ಟ್ರು, ಲಿಫ್ಟ್ ರಿಪೇರಿ ಮಾಡುವವನು, ಉಗುರಿನ ಸಂದಿಯ ಗ್ರೀಸು ಭಾನುವಾರವೂ ಹೋಗುವುದಿಲ್ಲ, ಆದರೂ ಹನ್ನೊಂದು ವರ್ಷದಿಂದ ನಮ್ಮ ಸಾಲಿನಲ್ಲಿ ಪಂದ್ಯ ಮುಗಿದ ಮೇಲೆ ಪಾಠ ಹೇಳುವುದು ನಾನೇ, ಕಂಡಕ್ಟರನಿಗೆ ಒಂದು, ನಮ್ಮ ಸಿಸ್ಟರಿಗೆ ಒಂದು — ಆಸ್ಪತ್ರೆಯ ಸಿಸ್ಟರು, ಮಕ್ಕಳ ವಾರ್ಡಿನಲ್ಲಿ ಪಿಸುಮಾತಿನವರು, ಇಲ್ಲಿಗೆ ಬಂದರೆ ರೆಫರಿಯ ಏಳು ತಲೆಮಾರನ್ನು ಜಾಲಾಡುವವರು, ಈಗ ಗಂಟಲು ಪೂರ್ತಿ ಕೂತುಹೋಗಿ ಹಳೇ ಗೇಟಿನ ಹಾಗೆ ಕಿರುಗುಡುತ್ತಿದ್ದಾರೆ, ಮೊದಲರ್ಧದಲ್ಲಿ ನಮ್ಮ ಕೋಚ್‌ಗೆ ಏನಾಗಿತ್ತು ಹೇಳಿ ಮೊದ್ಲು. ಹೇಳಿದೆ, ಹೇಳದೆ ಇರುತ್ತೇನೆಯೇ, ಮೈಯೆಲ್ಲ ಜುಂ ಅನ್ನುತ್ತಿರುವಾಗ ಬಾಯಿ ತಾನಾಗಿ ಓಡುತ್ತದೆ, ನೋಡಿ ಸಿಸ್ಟರ್, ಲಿಫ್ಟ್ ಮೇಲೆ ಹೋದ್ರೆ ಇನ್ನೊಂದು ಕಡೆ ತೂಕದ ಕಲ್ಲು ಕೆಳಗೆ ಬರ್ಬೇಕು, ಎರಡೂ ಒಟ್ಟಿಗೆ ಮೇಲೆ ಹೋಗೋಕಾಗುತ್ತಾ, ಮೊದಲರ್ಧದಲ್ಲಿ ಎಡಗಡೆ ಬ್ಯಾಕೂ ಮೇಲೆ, ಬಲಗಡೆ ಬ್ಯಾಕೂ ಮೇಲೆ, ಹಿಂದೆ ಇಬ್ರೇ ಇಬ್ರು ದಿಕ್ಕಿಲ್ಲದ ಹಾಗೆ ನಿಂತಿದ್ರು, ಅದಕ್ಕೇ ಮೂರು ಸಲ ಅವರು ನಮ್ಮ ಗೋಲ್‌ಕೀಪರ್ ಮುಂದೆ ಬಂದು ನಿಂತಿದ್ದು, ಗೋಲಿ ಪುಣ್ಯಾತ್ಮ ಉಳಿಸ್ದ, ಆಮೇಲೆ ಕೋಚ್ ಬಲಗಡೆಯವನನ್ನ ಕಟ್ಟಿಹಾಕ್ದ, ನೀನು ಮಧ್ಯದ ಗೆರೆ ದಾಟ್ಬೇಡ ಅಂದ, ತೂಕ ಸರಿಹೋಯ್ತು, ಎಡಗಡೆಯವನು ಹಕ್ಕಿ ಆದ. ಆಹಾ ಅನ್ನುತ್ತಾನೆ ಕಂಡಕ್ಟರ್, ಹಿಂದಿನಿಂದ ಗುರುತಿಲ್ಲದ ಇಬ್ಬರು ಕತ್ತು ಚಾಚಿ ಕೇಳಿಸಿಕೊಳ್ಳುತ್ತಿದ್ದಾರೆ, ನನಗೆ ಇನ್ನೂ ಹುರುಪು, ಎಪ್ಪತ್ತನೇ ನಿಮಿಷಕ್ಕೆ ಸ್ಟ್ರೈಕರ್‌ನ ಹೊರಗೆ ಕರೆದು ಆ ಕುಳ್ಳನನ್ನ ಇಳಿಸಿದಾಗ ನೀವೆಲ್ಲ ನಕ್ಕಿರಿ, ನಾನು ನಗಲಿಲ್ಲ. ಸುಳ್ಳು, ನಾನೂ ನಕ್ಕಿದ್ದೆ. ಸರಿ ಮೇಷ್ಟ್ರೇ, ಈಗ ನಾವು ಹೊಡೆದ ಗೋಲಿನ ವಿಷಯಕ್ಕೆ ಬನ್ನಿ, ಅನ್ನುತ್ತಾನೆ ಕಂಡಕ್ಟರ್, ನೀವೇ ತೀರ್ಪು ಕೊಡಿ, ಆ ಕುಳ್ಳ ಬಾಲನ್ನ ಬೇಕಂತಲೇ ಬಿಟ್ನೋ, ಇಲ್ಲಾ ಕಾಲಿಗೆ ಸಿಗದೆ ತಪ್ಪಿಹೋಯ್ತೋ? ಬೇಕಂತ ಎಲ್ಲಿ ಬಿಟ್ಟ, ಎಡವಟ್ಟ ಅವನು, ಸಿಸ್ಟರಿನ ಕಿರುಗು. ಇಬ್ಬರೂ ನನ್ನ ಮುಖ ನೋಡುತ್ತಿದ್ದಾರೆ, ಹಿಂದಿನ ಇಬ್ಬರೂ ಕೂಡ, ನನ್ನ ಬಾಯಿ ಅರ್ಧ ತೆರೆದೇ ನಿಂತಿದೆ, ಏಕೆಂದರೆ ಆ ಗೋಲನ್ನು ನಾನು ನೋಡಿಲ್ಲ.

ಎಂಬತ್ತನಾಲ್ಕನೇ ನಿಮಿಷಕ್ಕೆ ಫೋನ್ ಬಂತು. ಬಂದ ಫೋನನ್ನು ನಾನು ಬಿಡುವುದಿಲ್ಲ, ಆರು ವರ್ಷದಿಂದ ಒಂದನ್ನೂ ಬಿಟ್ಟಿಲ್ಲ, ಸ್ನಾನದಲ್ಲಿದ್ದರೂ ಒದ್ದೆ ಕೈಯಲ್ಲೇ ಎತ್ತುತ್ತೇನೆ, ಹೆಂಡತಿ ನಗುತ್ತಾಳೆ, ನಿಮ್ಮ ಫೋನ್ ಏನು ಹಸುಗೂಸಾ ಅಂತಾಳೆ — ಗಲಾಟೆಯಲ್ಲಿ ಕೇಳಿಸದೆ ಸ್ಟ್ಯಾಂಡಿನ ಕೆಳಗಿನ ಮೆಟ್ಟಿಲಿಗೆ ಇಳಿದೆ, ಯಾವುದೋ ಕಟ್ಟಡದ ವಾಚ್‌ಮನ್, ಸಾರ್ ಮೂರಕ್ಕೂ ನಾಲ್ಕಕ್ಕೂ ಮಧ್ಯೆ ಸಿಕ್ಕಾಕ್ಕೊಂಡಿದೆ ಸಾರ್, ಒಳಗೆ ಇಬ್ಬರಿದಾರೆ, ಬಾಗಿಲು ಮೀಟ್ಬೇಡಪ್ಪಾ, ಮೊದ್ಲು ಮೇನ್ ಸ್ವಿಚ್ ಆಫ್ ಮಾಡು, ಹತ್ತರವರೆಗೆ ಎಣಿಸಿ ಆನ್ ಮಾಡು, ಅಂತ ನಾನು ಹೇಳುತ್ತಿರುವಾಗ ಕೆಳಗಿನ ಮೆಟ್ಟಿಲಲ್ಲಿ ಗೋಡೆಗೆ ಒರಗಿ ಕೂತಿದ್ದ ಹೆಂಗಸೊಬ್ಬಳು, ಕುತ್ತಿಗೆಯಲ್ಲಿ ಎದುರು ತಂಡದ ಹಸಿರು ಶಾಲು, ತಲೆ ಎತ್ತದೆ ಅಂದಳು, ಇನ್ನೂ ಅದೇ ಕೆಲಸಾನಾ. ಅಕ್ಕ. ನೆತ್ತಿಯ ಮೇಲೆ ನರೆ, ಹೆಬ್ಬೆರಳಿಗೆ ಜೆರಾಕ್ಸ್ ಮೆಷಿನ್ನಿನ ಕಪ್ಪು, ಮದುವೆಯಾಗಿ ಆ ತಂಡದ ಊರಿಗೆ ಹೋಗಿ ಅಂಗಡಿ ಇಟ್ಟವಳು, ಊರಿನ ಜೊತೆ ತಂಡವನ್ನೂ ಬದಲಾಯಿಸಿದವಳು, ನನಗೆ ಚೆಂಡು ಒದೆಯಲು ಕಲಿಸಿದವಳು, ಆರು ವರ್ಷದಿಂದ ನನ್ನ ಜೊತೆ ಮಾತಿಲ್ಲದವಳು. ಕೊನೇ ಹತ್ತು ನಿಮಿಷ ಅವಳಿಂದ ನೋಡಲಾಗುವುದಿಲ್ಲ, ಚಿಕ್ಕಂದಿನಲ್ಲೂ ಅಷ್ಟೆ, ಪಕ್ಕದ ಮನೆಯ ಟೀವಿಯ ಮುಂದಿನಿಂದ ಎದ್ದು ಬಾಗಿಲ ಹಿಂದೆ ನಿಂತು ಕಣ್ಣು ಮುಚ್ಚಿಕೊಂಡು ಏನಾಯ್ತೋ, ಏನಾಯ್ತೋ ಹೇಳೋ ಅನ್ನುವಳು, ನಾನು ಎಂಟು ವರ್ಷದವನು ಒಂದೊಂದು ಪಾಸನ್ನೂ ಕೂಗಿ ಹೇಳುವೆನು, ನನ್ನ ಮೇಷ್ಟ್ರಗಿರಿ ಶುರುವಾಗಿದ್ದೇ ಆ ಬಾಗಿಲಿಗೆ ಪಾಠ ಹೇಳುತ್ತಾ. ಇವತ್ತು, ಲಿಫ್ಟ್ ಇಳೀತು ಸಾರ್ ಅಂತ ವಾಚ್‌ಮನ್ ಅಂದ ಮೇಲೆ ಫೋನು ಜೇಬಿಗಿಟ್ಟು, ಚೆನ್ನಾಗಿದೀಯಾ ಅಂದೆ, ಹೂಂ ಅಂದಳು, ಅಷ್ಟರಲ್ಲಿ ತಲೆಯ ಮೇಲಿನ ಸ್ಟ್ಯಾಂಡು ಸಿಡಿಯಿತು, ಕಾಂಕ್ರೀಟಿನಿಂದ ಸುಣ್ಣದ ಪುಡಿ ಉದುರಿತು, ಅವಳು ಗಬಕ್ಕನೆ ನನ್ನ ಮಣಿಕಟ್ಟು ಹಿಡಿದಳು, ಯಾರದೋ? ಸದ್ದು ನೋಡಿದ್ರೆ ನಮ್ದು ಕಣೇ. ನಿಮ್ದಾ, ಅಂದಳು, ಕೈ ಮಾತ್ರ ಬಿಡಲಿಲ್ಲ, ಎಷ್ಟೋ ಹೊತ್ತು ಬಿಡಲಿಲ್ಲ. ಆಮೇಲೆ ಅವಳ ಕಡೆಯವರು ಮುಖ ಗಂಟು ಹಾಕಿಕೊಂಡು ಇಳಿದು ಬಂದರು, ಏಳ್ರೀ ಹೋಗೋಣ ಅಂದರು, ಎದ್ದಳು, ನಾಲ್ಕು ಮೆಟ್ಟಿಲು ಇಳಿದು ತಿರುಗಿದಳು, ನಮ್ಮ ಬಸ್ಸು ಆರನೇ ಗೇಟಲ್ಲಿದೆ, ಐದೂ ಕಾಲಿಗೆ ಬಿಡುತ್ತೆ, ಗೋಲು ಹೇಗಾಯ್ತು ಅಂತ ನೋಡ್ಕೊಂಡು ಬಂದು ಹೇಳು. ಬಂದು ಹೇಳು ಅಂದಳು. ನಾನು ಮೇಲೆ ಓಡಿದೆ, ಕಂಡಕ್ಟರ್ ನನ್ನನ್ನು ತಬ್ಬಿ ಎತ್ತಿ ಕುಣಿಸಿದ, ನಾನಿಲ್ಲದ್ದೇ ಯಾರಿಗೂ ಗೊತ್ತಾಗಿರಲಿಲ್ಲ.

ಈಗ ಐದು ಗಂಟೆ ದಾಟಿ ಮೂರು ನಿಮಿಷ, ಹೇಳಿ ಮೇಷ್ಟ್ರೇ ಬಿಟ್ನೋ ತಪ್ಪಿತೋ, ಫೋನಿನಲ್ಲಿ ಹುಡುಕಿದೆ, ಹತ್ತು ಸಾವಿರ ಜನ ಒಟ್ಟಿಗೆ ಅದನ್ನೇ ಹುಡುಕುತ್ತಿದ್ದಾರೆ, ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇದೆ, ಎರಡನೇ ಗೇಟಿನ ಹೊರಗೆ ಬಂದುಬಿಟ್ಟೆವು, ಆರನೆಯದು ಮೈದಾನದ ಆ ಕಡೆ, ಏನಾದರೂ ಒಂದು ಹೇಳಿ ತಪ್ಪಿಸಿಕೊಳ್ಳಲೇ, ಬೇಕಂತಲೇ ಬಿಟ್ಟ ಅಂದರೆ ಕಂಡಕ್ಟರ್ ಖುಷಿ, ಆದರೆ ಅಕ್ಕನಿಗೆ ಏನು ಹೇಳಲಿ, ಚೆಂಡು ಯಾರ ಕಾಲಿಂದ ಬಂತು, ಯಾರು ಒದ್ದ, ಒಂದೂ ಗೊತ್ತಿಲ್ಲ — ನಾನು ನೋಡಿಲ್ಲ. ಜೋರಾಗಿಯೇ ಅಂದೆ. ಏನು ನೋಡಿಲ್ಲ? ಗೋಲು ನೋಡಿಲ್ಲ ಕಣಯ್ಯಾ, ಕೆಳಗೆ ಫೋನಲ್ಲಿದ್ದೆ. ಕಂಡಕ್ಟರ್ ನನ್ನ ಹೆಗಲಿಂದ ಕೈ ತೆಗೆದ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಇಡೀ ಬಸ್ಸಲ್ಲಿ ಟಿಕೆಟ್ ಇಲ್ಲದವನು ಸಿಕ್ಕಿದ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದ, ನೋಡದೇನೇ ಇಷ್ಟು ಹೊತ್ತು ಭಾಷಣ ಬಿಗಿದ್ರಾ! ಸಿಸ್ಟರು ನಗಲು ಹೋಗಿ ಕೆಮ್ಮಿದರು. ನಮ್ಮಕ್ಕ ಸಿಕ್ಕಿದ್ಲು, ಅಂದೆ, ಗೋಲು ಹೇಗಾಯ್ತು ಅಂತ ಕೇಳಿದಾಳೆ, ಐದೂ ಕಾಲಿಗೆ ಅವಳ ಬಸ್ಸು, ನಂಗೆ ಗೊತ್ತಿಲ್ಲ. ಅಷ್ಟಕ್ಕೇ ಸಿಸ್ಟರಿನ ನಗು ನಿಂತಿತು, ಅಕ್ಕನ ವಿಷಯ ಅವರಿಗೆ ಗೊತ್ತು, ಅಮ್ಮ ಕೊನೆಗಾಲದಲ್ಲಿ ಇದ್ದದ್ದು ಅವರ ಆಸ್ಪತ್ರೆಯಲ್ಲೇ, ಹಿಡ್ಕೊಳ್ಳಿ ನನ್ನ ಬ್ಯಾಗು, ಅಂದರು, ಫುಟ್‌ಪಾತಿನ ಪಕ್ಕ ಬಿದ್ದಿದ್ದ ಖಾಲಿ ನೀರಿನ ಬಾಟಲಿಯನ್ನು ಕಾಲಿಂದ ಎಳೆದರು, ಕಂಡಕ್ಟರ್ರೇ ನೀವು ಕುಳ್ಳ, ಇಲ್ಲಿ ನಿಂತ್ಕೊಳ್ಳಿ, ಈ ದೀಪದ ಕಂಬ ಗೋಲು. ಆರಡಿಯ ಕಂಡಕ್ಟರ್ ಮಂಡಿ ಬಗ್ಗಿಸಿ ಕುಳ್ಳನಾದ, ಸಿಸ್ಟರು ಎಡಗಡೆ ಬ್ಯಾಕ್ ಆಗಿ ಚಪ್ಪಲಿ ಕಳಚಿಟ್ಟು ನಿಜವಾಗಿಯೂ ಓಡಿ ಬಂದು ಬಾಟಲಿ ಒದ್ದರು, ಹೀಗೆ, ನೆಲ ಸವರಿಕೊಂಡು ಬಂತು, ಅವರ ಗೋಲಿ ಇವನ ಕಡೆಗೆ ಬಿದ್ದ, ಇವನು ಕಾಲು ಅಗಲಿಸ್ದ, ಬಾಲು ಕಾಲ ಮಧ್ಯೆ ತೂರಿ ಹೋಯ್ತು, ಹಿಂದೆ ನಮ್ಮ ಲಂಬು, ಆ ಉದ್ದನೆಯ ಹುಡುಗ, ಬರ್ತಿದ್ದ, ನೀವೇ ಲಂಬು, ಒದೀರಿ! ಒದ್ದೆ. ಬಾಟಲಿ ಕಂಬಕ್ಕೆ ಟಣ್ಣೆಂದು ಬಡಿಯಿತು, ಸುತ್ತ ನಿಂತವರು ಗೋಲ್ ಅಂತ ಕೂಗಿದರು, ಆಟೋದವನೊಬ್ಬ ಹಾರನ್ ಹೊಡೆದ. ಅವನು ಹಿಂದೆ ನೋಡೇ ಬಿಟ್ಟಿದ್ದು ಮೇಷ್ಟ್ರೇ, ಅಂತಾನೆ ಕಂಡಕ್ಟರ್ ಬಗ್ಗಿದಲ್ಲಿಂದಲೇ. ಅವನ ಕಾಲಿಗೆ ಸಿಗ್ಲಿಲ್ಲ ಅಷ್ಟೆ, ಅಂತಾರೆ ಸಿಸ್ಟರು. ಓಡ್ರೀ, ಅಂದರು ಇಬ್ಬರೂ.

ಓಡುತ್ತಿದ್ದೇನೆ, ನಲವತ್ತಾರು ವರ್ಷದ ಮಂಡಿ, ಮೂರನೇ ಗೇಟು, ನೆಲ ಸವರಿಕೊಂಡು, ಗೋಲಿ ಬಿದ್ದ, ಕಾಲು ಅಗಲಿಸಿದ, ಮರೆಯಬಾರದು, ನಾಲ್ಕನೇ ಗೇಟು, ಯಾರೋ ಬಣ್ಣದ ಕಾಗದ ಎರಚುತ್ತಿದ್ದಾರೆ, ಬಾಯಿಗೆ ಬಂತು, ಉಗಿದೆ, ಆರು ವರ್ಷದ ಹಿಂದೆ ಆವತ್ತೂ ಹೀಗೇ ಓಡಿದ್ದೆ, ಆಸ್ಪತ್ರೆಗೆ, ಆವತ್ತೂ ಗೆದ್ದಿದ್ದೆವು, ಪೆನಾಲ್ಟಿಯಲ್ಲಿ, ಅಂಗಿಯ ಜೇಬಿನಲ್ಲಿ ಫೋನು ಎದೆಗೆ ಎದೆಯ ಹಾಗೆ ಬಡಿಯುತ್ತಿತ್ತು, ಹನ್ನೊಂದು ಸಲ, ಮೊದಲನೇ ಸಲವೇ ತೆಗೆದು ನೋಡಿದೆ, ಅಕ್ಕ ಅಂತ ಇತ್ತು, ಇನ್ನೈದು ಕಿಕ್ ಅಷ್ಟೇ ಅಂದುಕೊಂಡು ಒಳಗಿಟ್ಟೆ, ವಿಸಿಲ್ ಆದ ಮೇಲೆ ತಿರುಗಿ ಫೋನ್ ಮಾಡಿದರೆ ಅಮ್ಮ ಹೋಗಿಯಾಗಿತ್ತು, ಒಂದು ಮಾತು ನಿನ್ನ ದನಿ ಕೇಳಿಸೋಣ ಅಂತ ಮಾಡ್ದೆ ಕಣೋ, ಅವಳ ಕಿವಿ ಹತ್ರ ಫೋನ್ ಹಿಡ್ಕೊಂಡೇ ಕೂತಿದ್ದೆ, ಅಂದಳು ಅಕ್ಕ, ನಾನು ಅಂದೆ, ಗಲಾಟೇಲಿ ಕೇಳಿಸ್ಲಿಲ್ಲ ಕಣೇ. ಐದನೇ ಗೇಟು. ಅವಳು ನನ್ನ ಮುಖ ನೋಡಿದಳು, ಸರಿ ಅಂದಳು, ಅದೇ ಕೊನೆ ಮಾತು. ಹಸಿರು ಬಟ್ಟೆ ಕಟ್ಟಿದ ಬಸ್ಸು ಎಂಜಿನ್ ಚಾಲೂ ಮಾಡಿಕೊಂಡು ನಿಂತಿದೆ, ಇದೆ, ಇನ್ನೂ ಇದೆ, ಮೂರನೇ ಕಿಟಕಿ, ಅಕ್ಕಾ! ಬಂದ್ಯಾ, ಅಂದಳು, ಗಾಜು ಸರಿಸಿದಳು, ಕಣ್ಣು ಮುಚ್ಚಿಕೊಂಡಳು, ನಿಜವಾಗಿಯೂ, ಐವತ್ತು ದಾಟಿದ ಹೆಂಗಸು ತುಂಬಿದ ಬಸ್ಸಿನಲ್ಲಿ, ಹೇಳು. ಎಡಗಡೆ ಬ್ಯಾಕು ಗೆರೆ ಪಕ್ಕದಲ್ಲೇ ಹೋದ ಕಣೇ, ಒಬ್ಬನ್ನ ದಾಟ್ದ, ಇನ್ನೊಬ್ಬನ್ನ ದಾಟ್ದ, ನೆಲ ಸವರೋ ಹಾಗೆ ಒದ್ದ, ನಮ್ಮ ಕುಳ್ಳನ ಕಾಲಿಗೇ ಬಂತು ನೇರವಾಗಿ, ನಿಮ್ಮ ಗೋಲಿ ಅವನ ಕಡೆಗೇ ಬಿದ್ದ, ಅವನು ಮುಟ್ಲಿಲ್ಲ. ಮುಟ್ಲಿಲ್ವಾ? ಇಲ್ಲ. ಬೇಕಂತ ಬಿಟ್ನೋ, ತಪ್ಪಿಹೋಯ್ತೋ? ಅವಳ ರೆಪ್ಪೆ ಅಲುಗುತ್ತಿದೆ, ತಪ್ಪಿತು ಅಂದರೆ ಮುಗಿಯಿತು, ಬಿಟ್ಟ ಅಂದರೂ ಮುಗಿಯಿತು — ಬಿಟ್ಟೆ, ಅಂದೆ. ಏನು? ಬಿಟ್ಟೆ ಅಕ್ಕಾ, ಆವತ್ತು ನಿನ್ನ ಫೋನು ಕೇಳಿಸ್ತು, ಮೊದಲನೇ ಸಲವೇ ನೋಡ್ದೆ, ನೋಡೇ ಬಿಟ್ಟೆ. ಕಣ್ಣು ತೆರೆದಳು. ಪಕ್ಕದ ಸೀಟಿನವಳು ತಿರುಗಿದಳು. ಬಸ್ಸು ಗೇರಿಗೆ ಬಿದ್ದು ಜಗ್ಗಿತು, ನಾನು ಕಿಟಕಿಯ ಅಂಚು ಹಿಡಿದು ನಡೆದೆ, ಆಮೇಲೆ ಓಡಿದೆ, ಬೈಯಲಿ, ಅಳಲಿ, ಏನಾದರೂ ಅನ್ನಲಿ, ಅವಳು ಕಿಟಕಿಯಿಂದ ಬಗ್ಗಿ ಅಂದಳು, ಆಮೇಲೆ? ಏನು ಆಮೇಲೆ? ಬಾಲು ಕಣೋ, ಅವನು ಮುಟ್ಲಿಲ್ಲ, ಆಮೇಲೆ ಯಾರ ಹತ್ರ ಹೋಯ್ತು? ಹಿಂದೆ, ಹಿಂದೆ ಲಂಬು ಬರ್ತಿದ್ದ ಅಕ್ಕಾ, ಕೂಗಿದೆ, ಕೈ ಜಾರಿತು, ಬಸ್ಸು ಮುಂದಾಯಿತು, ನನ್ನ ದನಿ ಅವಳಿಗೆ ಮುಟ್ಟುತ್ತಿದೆಯೋ ಇಲ್ಲವೋ, ಬಲಗಾಲಲ್ಲಿ ಒದ್ದ, ಮೂಲೆಗೆ ಹೋಯ್ತು, ಓಡುತ್ತಲೇ ಕೂಗುತ್ತಿದ್ದೇನೆ, ಮೂರನೇ ಕಿಟಕಿಯಿಂದ ಒಂದು ಕೈ ಹೊರಗೆ ಬಂದಿದೆ, ಕಪ್ಪು ಹೆಬ್ಬೆರಳಿನ ಕೈ, ಟಾಟಾ ಮಾಡುತ್ತಿಲ್ಲ, ಅಂಗೈ ಮೇಲೆ ಮಾಡಿಕೊಂಡು ಬೆರಳು ಮಡಚಿ ಬಿಚ್ಚುತ್ತಿದೆ, ಹೇಳು, ಇನ್ನೂ ಹೇಳು, ಮಡಚಿ ಬಿಚ್ಚುತ್ತಿದೆ, ತಿರುವಿನವರೆಗೂ, ಆ ಕೈ, ಬೆರಳು ಮಡಚಿ, ಬಿಚ್ಚಿ, ಆ ಕೈ